ಯಾರ ಬೆಳಕು ಯಾರ ಲೆಕ್ಕಕ್ಕೆ: ಎಂ67 ಗುಚ್ಛದಲ್ಲಿ ಶ್ವೇತ ಕುಬ್ಜ ಹುಡುಕಿದ ಒಂದು ಪ್ರಕರಣ

ನಾನು ದಾವಣಗೆರೆಯಲ್ಲಿ ಎಂಎಸ್ಸಿ ಫಿಸಿಕ್ಸ್ ಹುಡುಗ್ರಿಗೆ ಪಾಠ ಮಾಡ್ತೀನಿ. ಹೋದ ವರ್ಷ ನಾಲ್ಕನೇ ಸೆಮಿಸ್ಟರ್ ಪ್ರಾಜೆಕ್ಟಲ್ಲಿ ನಮ್ಮ ಒಬ್ಬ ಹುಡುಗಿ ಎಂ67 ಅನ್ನೋ ನಕ್ಷತ್ರಗುಚ್ಛದೊಳಗೆ ಒಂದು ಅಪರೂಪದ ಶ್ವೇತ ಕುಬ್ಜ ಸಿಕ್ತು ಅಂತ ಲೆಕ್ಕ ಸಮೇತ ತಂದ್ಲು, ಮೂರು ವಾರ ಆದ್ಮೇಲೆ ಅದು ಅಲ್ಲ ಅಂತ ಅವಳೇ ತೋರಿಸಿದ್ಲು. ಆ ಮೂರು ವಾರದಲ್ಲಿ ಏನೇನಾಯ್ತು ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ಈಗ ಎಷ್ಟೋ ಊರಿನ ಕಾಲೇಜಲ್ಲಿ ಹುಡುಗ್ರು ಪುಕ್ಕಟೆ ಸಿಗೋ ಡೇಟಾ ಇಟ್ಕೊಂಡು ಇಂಥ ಪ್ರಾಜೆಕ್ಟ್ ಮಾಡ್ತಿದಾರೆ, ಎಡವೋ ಕಲ್ಲು ಎಲ್ಲರ ದಾರೀಲೂ ಒಂದೇ ಜಾಗದಲ್ಲಿ ಇದೆ.

ಮೊದ್ಲು ವಿಷಯ. ಸೂರ್ಯನಂಥ ನಕ್ಷತ್ರ ಉರಿಯೋದೆಲ್ಲ ಉರಿದು ಮುಗಿಸಿ, ಮೇಲಿನ ಪದರ ಎಲ್ಲ ಕಳಚಿಕೊಂಡ ಮೇಲೆ ಒಳಗಿನ ತಿರುಳು ಮಾತ್ರ ಉಳಿಯುತ್ತಲ್ಲ, ಅದೇ ಶ್ವೇತ ಕುಬ್ಜ. ಅದರಲ್ಲಿ ಹೊಸದಾಗಿ ಉರಿಯೋಕೆ ಹೆಚ್ಚೇನೂ ಇಲ್ಲ, ಒಲೆ ಆರಿಸಿದ ಮೇಲೂ ಕೆಂಡ ಬಿಸಿ ಇರೋ ಹಂಗೆ ಕೋಟ್ಯಂತರ ವರ್ಷ ತಣ್ಣಗಾಗ್ತಾ ಇರುತ್ತೆ. ಸಾಮಾನ್ಯ ಶ್ವೇತ ಕುಬ್ಜದ ತೂಕ ಸೂರ್ಯನ 0.6 ಪಟ್ಟು, ಗಾತ್ರ ಮಾತ್ರ ಹೆಚ್ಚೂಕಮ್ಮಿ ಭೂಮಿಯಷ್ಟೇ. ಲುಬ್ಧಕ ನಕ್ಷತ್ರದ ಪಕ್ಕದಲ್ಲಿ ಒಂದು ಇದೆ, ಅದು ಕಣ್ಣಿಗೆ ಬಿದ್ದಿದ್ದು 1862ರ ಜನವರಿ 31ಕ್ಕೆ, ಅಮೆರಿಕದ ದೂರದರ್ಶಕ ತಯಾರಕ ಆಲ್ವನ್ ಗ್ರಹಾಂ ಕ್ಲಾರ್ಕ್ ಹೊಸ ದೂರದರ್ಶಕದ ಲೆನ್ಸ್ ಟೆಸ್ಟ್ ಮಾಡ್ತಿದ್ದಾಗ. ಅದಕ್ಕೂ ಮುಂಚೆ 1844ರಲ್ಲೇ ಬೆಸೆಲ್ ಅನ್ನೋ ಜರ್ಮನ್ ವಿಜ್ಞಾನಿ ಲುಬ್ಧಕ ಅಲ್ಲಾಡ್ತಿರೋ ರೀತಿ ನೋಡಿ, ಪಕ್ಕದಲ್ಲಿ ಕಾಣದ ಜೊತೆಗಾರ ಇದ್ದಾನೆ ಅಂತ ಹೇಳಿದ್ದ. ಬೆಳಕು ನೋಡೋಕೆ ಮುಂಚೆ ಎಳೆತ ನೋಡಿ ಹೇಳಿದ್ದು. ಈ ಮಾತು ನಮ್ಮ ಕಥೆಯಲ್ಲಿ ಮುಂದೆ ಬೇಕಾಗುತ್ತೆ.

ಇದರೊಳಗೇ ಒಂದು ಅಪರೂಪದ ಜಾತಿ ಇದೆ, ತೂಕ ತೀರಾ ಕಮ್ಮಿ ಇರೋದು, ಸೂರ್ಯನ 0.2 ಪಟ್ಟಿನ ಆಸುಪಾಸು. ಇದು ಯಾಕೆ ಅಪರೂಪ ಅಂದ್ರೆ, ಒಂಟಿ ನಕ್ಷತ್ರ ತಾನಾಗೇ ಇಷ್ಟು ಸಣ್ಣ ತಿರುಳು ಬಿಟ್ಟು ಹೋಗಬೇಕು ಅಂದ್ರೆ ಅಷ್ಟು ಹಗುರದ ನಕ್ಷತ್ರ ಮುದಿಯಾಗೋಕೆ ಬ್ರಹ್ಮಾಂಡದ ವಯಸ್ಸೇ ಸಾಲಲ್ಲ, 1380 ಕೋಟಿ ವರ್ಷವೂ ಸಾಲಲ್ಲ. ಹಂಗಾಗಿ ಇಂಥದ್ದು ಎಲ್ಲಾದ್ರೂ ಕಂಡ್ರೆ ಅರ್ಥ ಒಂದೇ: ಪಕ್ಕದಲ್ಲಿ ತೀರಾ ಹತ್ತಿರ ಇನ್ನೊಂದು ನಕ್ಷತ್ರ ಇತ್ತು, ಇದು ಊದಿಕೊಳ್ತಾ ಇದ್ದ ಹೊತ್ತಲ್ಲಿ ಅದು ಇದರ ಮೇಲಿನ ಪದರ ಎಲ್ಲ ಎಳ್ಕೊಂಡು ಬಿಡ್ತು. ಅಣ್ಣನ ಪಾಲೂ ತಮ್ಮನೇ ಉಂಡು ಮೈ ತುಂಬ್ಕೊಂಡ ಹಂಗೆ. ಉಂಡ ತಮ್ಮ ವಯಸ್ಸಿಗೆ ಮೀರಿ ಹರೆಯದವನಂಗೆ ನೀಲಿಯಾಗಿ ಹೊಳೀತಾನೆ, ಅದಕ್ಕೆ ಬ್ಲೂ ಸ್ಟ್ರಾಗ್ಲರ್ ಅಂತಾರೆ. ಅಮೆರಿಕದ ಖಗೋಳ ವಿಜ್ಞಾನಿ ಅಲನ್ ಸ್ಯಾಂಡೇಜ್ 1953ರಲ್ಲಿ ಎಂ3 ಅನ್ನೋ ಗುಚ್ಛದಲ್ಲಿ ಇಂಥವನ್ನ ಮೊದಲು ಗುರುತಿಸಿದ್ದು. ಒಂದೇ ಗುಚ್ಛದ ನಕ್ಷತ್ರ ಎಲ್ಲ ಒಟ್ಟಿಗೆ ಹುಟ್ಟಿರ್ತಾವೆ, ಅದರಲ್ಲಿ ಕೆಲವು ಮಾತ್ರ ಹಿಂಗೆ ಎಳೇವು ಕಂಡ್ರೆ ಏನೋ ನಡೆದಿದೆ ಅಂತ ಗೊತ್ತಾಗುತ್ತೆ.

ಎಂ67 ಇದಕ್ಕೆ ಹೇಳಿ ಮಾಡಿಸಿದ ಜಾಗ. ಕರ್ಕಾಟಕ ರಾಶಿಯಲ್ಲಿದೆ, ಸುಮಾರು 2,800 ಬೆಳಕಿನ ವರ್ಷ ದೂರ, ವಯಸ್ಸು ಸುಮಾರು 400 ಕೋಟಿ ವರ್ಷ, ಒಳಗಿನ ಸರಕು ಬಹುತೇಕ ನಮ್ಮ ಸೂರ್ಯನದೇ ಥರ. ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ, ಚಿತ್ರದುರ್ಗ ಇರೋದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಂ67 ಇರೋದು ಆಕಾಶದ ಸುಮಾರು 12 ಡಿಗ್ರಿ ಉತ್ತರದಲ್ಲಿ, ಅಂದ್ರೆ ಅದು ಮೇಲೇರಿದಾಗ ಬಹುತೇಕ ನೆತ್ತಿ ಮೇಲೇ ಬಂದು ನಿಲ್ಲುತ್ತೆ.

ಈ ಗುಚ್ಛದ ಮೇಲೆ ನಮ್ಮ ದೇಶದ್ದೇ ದೊಡ್ಡ ಕೆಲಸ ಆಗಿದೆ. 2015ರ ಸೆಪ್ಟೆಂಬರ್ 28ಕ್ಕೆ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್ ಇದೆಯಲ್ಲ, ಅದರಲ್ಲಿ ಯುವಿಐಟಿ ಅಂತ ಅತಿನೇರಳೆ ದೂರದರ್ಶಕ ಇದೆ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ಮುಂದಾಳತ್ವದಲ್ಲಿ ಆಗಿದ್ದು. ಕನ್ನಡಿಯ ಅಗಲ ಬರೀ ಮೂವತ್ತೇಳೂವರೆ ಸೆಂಟಿಮೀಟರ್, ಊಟದ ಬಾಳೆ ಎಲೆಗಿಂತ ಚಿಕ್ಕದು. ಆದ್ರೆ ಒಂದೇ ಸಲಕ್ಕೆ 28 ಆರ್ಕ್ ಮಿನಿಟ್, ಅಂದ್ರೆ ಅರ್ಧ ಡಿಗ್ರಿಗೆ ಒಂಚೂರು ಕಮ್ಮಿ ಅಗಲದ ಆಕಾಶ ಹಿಡಿಯುತ್ತೆ, ಎಂ67ರ ಮುಖ್ಯ ಭಾಗ ಎಲ್ಲ ಒಂದೇ ಫ್ರೇಮಲ್ಲಿ ಬಂತು. ಆ ಚಿತ್ರಗಳನ್ನ ಇಟ್ಕೊಂಡೇ 2019ರಲ್ಲಿ ಡಬ್ಲ್ಯೂಓಸಿಎಸ್ 1007 ಅನ್ನೋ ಬ್ಲೂ ಸ್ಟ್ರಾಗ್ಲರ್ ಪಕ್ಕ ಒಂದು ಶ್ವೇತ ಕುಬ್ಜ ಇದೆ ಅಂತ ತೋರಿಸಿದ್ರು. ಶಾಖ 13,250ರಿಂದ 13,750 ಕೆಲ್ವಿನ್, ರೇಡಿಯಸ್ ಸೂರ್ಯನ 0.09 ಪಟ್ಟು, ತೂಕ ಸುಮಾರು 0.18 ಪಟ್ಟು, ಎರಡೂ ಒಂದನ್ನೊಂದು 4.2 ದಿನಕ್ಕೊಮ್ಮೆ ಸುತ್ತುತ್ತವೆ. ಈ ರೇಡಿಯಸ್ ಒಂಚೂರು ನಿಂತು ನೋಡ್ರಿ. 0.09 ಅಂದ್ರೆ ಸುಮಾರು ಹತ್ತು ಭೂಮಿಯ ಅಗಲ, ಮಾಮೂಲಿ ಶ್ವೇತ ಕುಬ್ಜ ಒಂದು ಭೂಮಿಯಷ್ಟು. ತೂಕ ಕಮ್ಮಿ, ಗಾತ್ರ ಹೆಚ್ಚು! ಶ್ವೇತ ಕುಬ್ಜಗಳ ಪದ್ಧತಿನೇ ಹಂಗೆ, ತೂಕ ಜಾಸ್ತಿಯಾದಷ್ಟೂ ಕುಗ್ಗುತ್ತವೆ. ಕುಗ್ಗಿ ಕುಗ್ಗಿ ಸೂರ್ಯನ 1.4 ಪಟ್ಟಿನ ಹತ್ರ ಬಂದ್ರೆ ತಡ್ಕೊಳಕ್ಕಾಗಲ್ಲ ಅಂತ ನಮ್ಮ ಖಭೌತ ವಿಜ್ಞಾನಿ ಚಂದ್ರಶೇಖರ್ ಲೆಕ್ಕಕ್ಕೆ ಕೈ ಹಾಕಿದ್ದು 1930ರಲ್ಲಿ, ಹತ್ತೊಂಬತ್ತನೇ ವಯಸ್ಸಲ್ಲಿ, ಇಂಗ್ಲೆಂಡಿಗೆ ಹೋಗೋ ಹಡಗಿನಲ್ಲಿ. ಕ್ಲಾಸಲ್ಲಿ ಪ್ರತಿ ವರ್ಷ ಹೇಳ್ತೀನಿ, ಪ್ರತಿ ವರ್ಷ ನನಗೇ ಮೈ ಜುಂ ಅನ್ನುತ್ತೆ.

ಅತಿನೇರಳೆ ಯಾಕೆ ಬೇಕು ಅನ್ನೋದನ್ನ ನಮ್ಮ ಹುಡುಗಿಗೆ ಬೋರ್ಡ್ ಮೇಲೆ ಲೆಕ್ಕ ಮಾಡಿಸಿದ್ದೆ. ಬಿಸಿ ವಸ್ತು ಯಾವ ಬಣ್ಣದಲ್ಲಿ ಎಷ್ಟು ಹೊಳೆಯುತ್ತೆ ಅಂತ ಹೇಳೋ ಪ್ಲಾಂಕ್ ಸೂತ್ರ ಹಾಕಿ ನೋಡಿದ್ರೆ, 13,500 ಕೆಲ್ವಿನ್ ಇರೋ ಮೇಲ್ಮೈ ಒಂದು ಚದರ ಮೀಟರಿಗೆ ಆ ಬ್ಲೂ ಸ್ಟ್ರಾಗ್ಲರಿನಂಥ 7,500 ಕೆಲ್ವಿನ್ ಮೇಲ್ಮೈಗಿಂತ ಹಸಿರು ಬೆಳಕಲ್ಲಿ ಬರೀ ಐದು ಪಟ್ಟು ಹೆಚ್ಚು ಹೊಳೆಯುತ್ತೆ, ಅದೇ ಅತಿನೇರಳೆಯ 150 ನ್ಯಾನೋಮೀಟರ್ ತರಂಗದಲ್ಲಿ ಸುಮಾರು 300 ಪಟ್ಟು. ಸೂರ್ಯನಂಥ 6,000 ಕೆಲ್ವಿನ್ ನಕ್ಷತ್ರದ ಜೊತೆ ಹೋಲಿಸಿದ್ರೆ ಏಳು ಸಾವಿರ ಪಟ್ಟು ದಾಟುತ್ತೆ. ಮಾಮೂಲಿ ಬೆಳಕಲ್ಲಿ ದೊಡ್ಡ ನಕ್ಷತ್ರದ ಝಗಮಗದೊಳಗೆ ಕುಬ್ಜ ಮುಳುಗಿ ಹೋಗಿರುತ್ತೆ, ಅತಿನೇರಳೆಯಲ್ಲಿ ಅದೇ ದೊಡ್ಡ ನಕ್ಷತ್ರ ಮಂಕಾಗಿ ಕುಬ್ಜ ತಲೆ ಎತ್ತುತ್ತೆ. ಗುಚ್ಛದ ಚಿತ್ರ ನೋಡಿದ್ರೂ ಹಂಗೇ, ದುಗ್ಗಮ್ಮನ ಜಾತ್ರೆಯಂತೆ ಕಿಕ್ಕಿರಿದಿದ್ದ ಜಾಗ ಅತಿನೇರಳೆಯಲ್ಲಿ ಖಾಲಿ ಖಾಲಿ, ಕೆಂಪು ದೈತ್ಯಗಳು ಇದ್ದಲ್ಲೇ ಮಾಯ, ಬಿಸಿ ಇರೋವು ಮಾತ್ರ ಉಳಿದಿರ್ತವೆ.

ಈಗ ಅವಳ ಕೆಲಸಕ್ಕೆ ಬರ್ತೀನಿ. ಹುಡುಗಿ ಚಳ್ಳಕೆರೆ ಕಡೆಯೋಳು, ಊರಲ್ಲಿ ಶೇಂಗಾ ಹೊಲ, ಹಾಸ್ಟೆಲಲ್ಲಿದ್ದು ಓದೋದು. ಎರಡು ಪಟ್ಟಿ ತಗೊಂಡ್ಲು. ಒಂದು ಯುವಿಐಟಿಯಲ್ಲಿ ಕಂಡ ಬಿಂದುಗಳ ಪಟ್ಟಿ. ಇನ್ನೊಂದು ಗಯಾ ಉಪಗ್ರಹದ್ದು, ಯುರೋಪಿನವರು 2013ರ ಡಿಸೆಂಬರಲ್ಲಿ ಹಾರಿಸಿದ್ದು, ಅದರ ಡೇಟಾದ ಮೂರನೇ ಬಿಡುಗಡೆ 2022ರ ಜೂನಲ್ಲಿ ಬಂತು. ಗಯಾ ಒಂದೊಂದು ನಕ್ಷತ್ರ ಎಲ್ಲಿದೆ, ವರ್ಷಕ್ಕೆ ಎಷ್ಟು ಸರೀತಿದೆ, ಎಷ್ಟು ದೂರ ಅಂತ ಅಳೆದು ಕೊಟ್ಟಿದೆ. ಎಂ67ರ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ಸರೀತವೆ, ವರ್ಷಕ್ಕೆ ಪಶ್ಚಿಮಕ್ಕೆ ಸುಮಾರು 11 ಮಿಲಿ ಆರ್ಕ್ ಸೆಕೆಂಡ್ (ಒಂದು ಮಿಲಿ ಆರ್ಕ್ ಸೆಕೆಂಡ್ ಅಂದ್ರೆ ಒಂದು ಡಿಗ್ರಿಯ 36 ಲಕ್ಷನೇ ಒಂದು ಪಾಲು), ದಕ್ಷಿಣಕ್ಕೆ ಸುಮಾರು 3. ಕುರಿ ಹಿಂಡಿನ ಜೊತೆ ಹೋಗ್ತಿರೋದು ಹಿಂಡಿನ ಕುರಿ, ಪಕ್ಕಕ್ಕೆ ಹೋಗ್ತಿರೋದು ಬೇರೆಯವರದ್ದು. ಹಿಂಗೆ ಸದಸ್ಯರನ್ನ ಸೋಸಿ, ಎರಡೂ ಪಟ್ಟಿನ ಟಾಪ್‌ಕ್ಯಾಟ್ ಅನ್ನೋ ಸಾಫ್ಟ್‌ವೇರಲ್ಲಿ ಜೋಡಿಸಿದ್ಲು. ಜೋಡಿಯಾದ ಒಂದೊಂದಕ್ಕೂ ಅತಿನೇರಳೆಯಿಂದ ಇನ್ಫ್ರಾರೆಡ್ ತನಕ ಬೆಳಕಿನ ಅಳತೆ ಕೂಡಿಸಿ, ಒಂದು ನಕ್ಷತ್ರದ ಮಾಡೆಲ್ ಸಾಕಾಗುತ್ತಾ ಇಲ್ಲ ಎರಡು ಬೇಕಾ ಅಂತ ವೋಸಾ ಅನ್ನೋ ಸ್ಪೇನ್‌ನವರ ಆನ್‌ಲೈನ್ ಟೂಲಲ್ಲಿ ನೋಡಿದ್ಲು. ಇದನ್ನ ಎಸ್‌ಇಡಿ ಫಿಟ್ ಅಂತೀವಿ.

ಮೊದಲು 1007ರ ಮೇಲೆ ಮಾಡು ಅಂದಿದ್ದೆ, ಉತ್ತರ ಗೊತ್ತಿರೋ ಲೆಕ್ಕ ಬಿಡಿಸಿ ಕೈ ಕುದುರಿಸ್ಕೋ ಅಂತ. ಮಾಡಿದ್ಲು, ಬಂತು. ಒಂದು ಮಾಡೆಲ್ ಹಾಕಿದ್ರೆ ಅತಿನೇರಳೆ ಬಿಂದುಗಳು ಗೆರೆ ಬಿಟ್ಟು ಮೇಲೆ ನಿಂತವು, ಎರಡನೇದು ಸೇರಿಸಿದ ತಕ್ಷಣ ಕೂತವು, ಶಾಖ ರೇಡಿಯಸ್ ಎರಡೂ ಪ್ರಕಟ ಆಗಿರೋದರ ಹತ್ತಿರವೇ. ಆ ರೇಡಿಯಸ್ಸು ಶಾಖ ಹಾಕಿ ನೋಡಿದ್ರೆ ಆ ಕುಬ್ಜದ ಒಟ್ಟು ಬೆಳಕು ನಮ್ಮ ಸೂರ್ಯನ ಕಾಲು ಭಾಗದಷ್ಟು ಬರುತ್ತೆ. 2,800 ಬೆಳಕಿನ ವರ್ಷ ಆಚೆ, ಅದಕ್ಕಿಂತ ಎಷ್ಟೋ ಪಟ್ಟು ಪ್ರಕಾಶದ ನಕ್ಷತ್ರಕ್ಕೆ ಅಂಟಿಕೊಂಡಿರೋ ಕಾಲು ಸೂರ್ಯ, ದಾವಣಗೆರೆಯ ಲ್ಯಾಬಿನ ಹಳೇ ಕಂಪ್ಯೂಟರಲ್ಲಿ ಗ್ರಾಫಾಗಿ ಕಂಡಿದ್ದು ಸಣ್ಣ ಮಾತಲ್ಲ.

ಆಮೇಲೆ ಉಳಿದ ಪಟ್ಟಿ. ಒಂಬತ್ತು ನಕ್ಷತ್ರಕ್ಕೆ ಎರಡನೇ ಮಾಡೆಲ್ ಬೇಕು ಅಂತ ಬಂತು. ಅದರಲ್ಲಿ ಒಂದು ತುಂಬಾನೇ ಚೆನ್ನಾಗಿತ್ತು. ಸೂರ್ಯನಂಥ ನಕ್ಷತ್ರ, ಸುಮಾರು 6,000 ಕೆಲ್ವಿನ್, ಗಯಾ ಪ್ರಕಾರ ಗುಚ್ಛದ್ದೇ ಅನ್ನೋದರಲ್ಲಿ ಅನುಮಾನ ಇಲ್ಲ, ಅತಿನೇರಳೆ ಬಿಂದು ಸ್ಪಷ್ಟ, ಎರಡನೇ ಮಾಡೆಲ್ 12,000 ಕೆಲ್ವಿನ್ ಆಸುಪಾಸು, ರೇಡಿಯಸ್ ಸೂರ್ಯನ 0.03. ಕಮ್ಮಿ ತೂಕದ ಶ್ವೇತ ಕುಬ್ಜ ಹೆಂಗಿರಬೇಕೋ ಹಂಗೇ. ಈ ನಕ್ಷತ್ರಕ್ಕೆ ಕುಬ್ಜ ಇದೆ ಅಂತ ಯಾರೂ ಬರೆದಿರಲಿಲ್ಲ. ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ "ಸರ್, ಒಂದು ಸಿಕ್ಕಿದೆ ಸರ್, ಗ್ರಾಫ್ ಕಳ್ಸಿದೀನಿ ನೋಡಿ ಸರ್" ಅಂದ್ಲು. ನೋಡಿದೆ. ಗ್ರಾಫ್ ಪಾಠದ ಪುಸ್ತಕಕ್ಕೆ ಹಾಕೋ ಹಂಗಿತ್ತು. ನಂಗೂ ನಿದ್ದೆ ಬರಲಿಲ್ಲ ಆ ರಾತ್ರಿ.

ಬೆಳಗ್ಗೆ ಎದ್ದು ಮತ್ತೆ ನೋಡಿದಾಗ ಒಂದೇ ಒಂದು ಅನುಮಾನ ಬಂತು, ಅದೂ ಫಿಟ್ಟಿನ ಬಗ್ಗೆ ಅಲ್ಲ. ಲುಬ್ಧಕದ ವಿಷಯ ಹೇಳಿದ್ನಲ್ಲ, ಎಳೆತ. ಕಮ್ಮಿ ತೂಕದ ಶ್ವೇತ ಕುಬ್ಜ ಹುಟ್ಟಬೇಕಾದ್ರೆ ಜೋಡಿ ತೀರಾ ಹತ್ತಿರ ಇರಲೇಬೇಕು, ಹತ್ತಿರ ಇದ್ರೆ ದೊಡ್ಡ ನಕ್ಷತ್ರವೂ ಹಿಂದೆ ಮುಂದೆ ಅಲ್ಲಾಡಬೇಕು, ಅಲ್ಲಾಡಿದ್ರೆ ಅದರ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣೋ ಸ್ಪೆಕ್ಟ್ರಮ್ ಗೆರೆಗಳು ಆ ಕಡೆ ಈ ಕಡೆ ಸರೀಬೇಕು. ಎಂ67ರ ನಕ್ಷತ್ರಗಳನ್ನ ಅಮೆರಿಕದ ಅರಿಜೋನಾದ ಕಿಟ್ ಪೀಕ್‌ನಲ್ಲಿರೋ ಮೂರೂವರೆ ಮೀಟರಿನ ವಿನ್ ದೂರದರ್ಶಕದಿಂದ ವರ್ಷಾನುಗಟ್ಟಲೆ ಹಿಂಗೆ ಅಳೆದಿದ್ದಾರೆ, 1007ರ 4.2 ದಿನದ ಸುತ್ತೂ ಇಂಥ ಅಳತೆಯಿಂದಲೇ ಗೊತ್ತಾಗಿದ್ದು. ಆ ಪಟ್ಟಿ ತೆಗೆದು ನೋಡು ಅಂದೆ. ನೋಡಿದ್ಲು, ಮುಖ ಸಪ್ಪಗಾಯ್ತು. ನಮ್ಮ ನಕ್ಷತ್ರದ ಮುಂದೆ ಒಂಟಿ ಸದಸ್ಯ ಅಂತಿತ್ತು, ಅಲ್ಲಾಟ ಇಲ್ಲ.

"ಸರ್, ಸುತ್ತೋ ತಟ್ಟೆ ನಮ್ಮ ಕಡೆ ಮುಖ ಮಾಡಿದ್ರೆ ಅಲ್ಲಾಟ ಕಾಣಲ್ಲ ಅಲ್ವಾ ಸರ್?" ಅಂದ್ಲು. ಸರಿಯಾದ ಮಾತು, ತಟ್ಟೆ ಪೂರ್ತಿ ಎದುರಿಗೆ ಇದ್ರೆ ನಮ್ಮ ಕಡೆ ಬರೋ ವೇಗ ಇರಲ್ಲ. ಆದ್ರೆ ಅದು ಅಪರೂಪದ ಯೋಗ. ಅಪರೂಪದ ವಸ್ತು ಹುಡುಕ್ತಿರುವಾಗ ಅದನ್ನ ಉಳಿಸ್ಕೊಳಕ್ಕೆ ಇನ್ನೊಂದು ಅಪರೂಪದ ಯೋಗ ಬೇಕಾಗಿ ಬಂದ್ರೆ ನಾನು ಅಲ್ಲೇ ನಿಂತ್ಕೋತೀನಿ. ಅವಳಿಗೂ ಹಂಗೇ ಹೇಳ್ದೆ. ಪಟ್ಟಿ ಬಿಡು, ಚಿತ್ರ ತೆಗಿ ಅಂದೆ.

ಇಲ್ಲೀತನಕ ಅವಳು ಚಿತ್ರವನ್ನೇ ತೆರೆದಿರಲಿಲ್ಲ. ಇದು ಅವಳೊಬ್ಬಳ ತಪ್ಪಲ್ಲ, ಪಟ್ಟಿಯಲ್ಲಿ ಎಲ್ಲ ಸಿಗುವಾಗ ಚಿತ್ರ ಯಾರು ನೋಡ್ತಾರೆ, ಹೇಳಿಕೊಡಬೇಕಾಗಿದ್ದು ನಾನು. ಅಲಾಡಿನ್ ಸಾಫ್ಟ್‌ವೇರಲ್ಲಿ ಅತಿನೇರಳೆ ಚಿತ್ರ ತೆರೆದು, ಅದರ ಮೇಲೆ ಗಯಾ ಬಿಂದುಗಳನ್ನ ಇಟ್ವಿ. ಅತಿನೇರಳೆ ಚುಕ್ಕೆ ನಮ್ಮ ನಕ್ಷತ್ರದ ಮೇಲೆ ಇರಲೇ ಇಲ್ಲ. ಪಕ್ಕಕ್ಕೆ ಸುಮಾರು ಮೂರು ಆರ್ಕ್ ಸೆಕೆಂಡ್ ದೂರ ಇತ್ತು.

ಆರ್ಕ್ ಸೆಕೆಂಡ್ ಅಂದ್ರೆ ಒಂದು ಡಿಗ್ರಿಯ 3,600ನೇ ಒಂದು ಪಾಲು, ಎರಡು ಕಿಲೋಮೀಟರ್ ಆಚೆ ಇಟ್ಟ ಒಂದು ಶೇಂಗಾ ಬೀಜದ ಅಗಲ ಅಂದ್ಕೊಳ್ರಿ. ಮೂರು ಬೀಜದಷ್ಟು ಪಕ್ಕ. ಸಣ್ಣದು ಅನ್ಸುತ್ತೆ, ಆದ್ರೆ ಯುವಿಐಟಿ ಒಂದೂವರೆ ಆರ್ಕ್ ಸೆಕೆಂಡಿಗಿಂತ ಚೂಪಾಗಿ ನೋಡುತ್ತೆ, ಅದರ ಕಣ್ಣಿಗೆ ಮೂರು ಅಂದ್ರೆ ಬೇರೆ ಮನೆ. ಹಂಗಾದ್ರೆ ಜೋಡಿ ಹೆಂಗಾಯ್ತು? ಟಾಪ್‌ಕ್ಯಾಟಲ್ಲಿ ಜೋಡಿಸುವಾಗ ಎಷ್ಟು ದೂರದೊಳಗಿದ್ರೆ ಒಂದೇ ಅಂತ ತಗೋಬೇಕು ಅಂತ ಒಂದು ಸಂಖ್ಯೆ ಕೊಡಬೇಕು, ಅವಳು 5 ಕೊಟ್ಟಿದ್ಲು. 5 ಎಲ್ಲಿಂದ ಬಂತು ಅಂದ್ರೆ ಗ್ಯಾಲೆಕ್ಸ್ ಅನ್ನೋ ಹಳೇ ಅಮೆರಿಕನ್ ಉಪಗ್ರಹದ ಡೇಟಾಗೆ ಮಾಡಿದ ಒಂದು ಪಾಠದಿಂದ. ಗ್ಯಾಲೆಕ್ಸ್ ಕಣ್ಣು ಐದು ಆರ್ಕ್ ಸೆಕೆಂಡ್ ಆಸುಪಾಸಿನಷ್ಟು ಮೊಂಡು, ಅದಕ್ಕೆ ಆ ಸಂಖ್ಯೆ ಸರಿ. ಬಯಲಲ್ಲಿ, ನಕ್ಷತ್ರ ವಿರಳ ಇರೋ ಕಡೆ, ಈ ಸಂಖ್ಯೆ ಏನೂ ತೊಂದ್ರೆ ಕೊಡಲ್ಲ, ಐದರೊಳಗೆ ಇನ್ನೊಬ್ಬರು ಇರೋದೇ ಇಲ್ಲ. ಗುಚ್ಛದ ನಡುವೆ ಹಂಗಲ್ಲ, ಸಂತೆಯಲ್ಲಿ ಯಾರೋ ಕೂಗಿದ್ದಕ್ಕೆ ಪಕ್ಕದವನು ಓ ಅಂದ ಹಂಗೆ ಆಗಿಬಿಡುತ್ತೆ.

ಆದ್ರೂ ತಕ್ಷಣ ತೀರ್ಮಾನ ಮಾಡಲಿಲ್ಲ. ಅತಿನೇರಳೆ ಚಿತ್ರದ ನಕ್ಷೆಯೇ ಸರಿದಿರಬಹುದಲ್ಲ, ಉಪಗ್ರಹದ ಚಿತ್ರಕ್ಕೆ ಆಕಾಶದ ಅಕ್ಷಾಂಶ ರೇಖಾಂಶ ಕೂರಿಸುವಾಗ ಒಂದಿಷ್ಟು ಆಚೀಚೆ ಆಗೋದು ಇದ್ದೇ ಇದೆ. ಅದಕ್ಕೆ ಸುತ್ತಮುತ್ತ ಒಂಟಿಯಾಗಿರೋ, ಅತಿನೇರಳೆಯಲ್ಲೂ ಗಯಾದಲ್ಲೂ ಚೆನ್ನಾಗಿ ಕಾಣೋ ನಕ್ಷತ್ರ ಹುಡುಕಿ ಒಂದೊಂದೇ ಅಳೆದ್ವಿ. 1007 ಕೂಡ ಸೇರಿ. ಎಲ್ಲ ಅರ್ಧ ಆರ್ಕ್ ಸೆಕೆಂಡ್ ಒಳಗೇ ಕೂತಿದ್ವು. ನಕ್ಷೆ ಸರಿ ಇತ್ತು, ನಮ್ಮ ಬಿಂದು ಮಾತ್ರ ದೂರ.

ಆ ಜಾಗದಲ್ಲಿ ಗಯಾದಲ್ಲಿ ಏನಿದೆ ಅಂತ ನೋಡಿದ್ರೆ ಒಂದು ಮಂಕು ಚುಕ್ಕೆ ಇತ್ತು, ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) ಹತ್ತೊಂಬತ್ತೂವರೆ. ಅವಳು ಸದಸ್ಯರನ್ನ ಸೋಸುವಾಗ ಮಂಕು ಇರೋದನ್ನೆಲ್ಲ ಮೊದಲೇ ತೆಗೆದು ಹಾಕಿದ್ಲು, ಅದಕ್ಕೇ ಜೋಡಿಸೋ ಹೊತ್ತಿಗೆ ಅದು ಪಟ್ಟಿಯಲ್ಲೇ ಇರಲಿಲ್ಲ, ಅತಿನೇರಳೆ ಬೆಳಕಿಗೆ ಐದರೊಳಗೆ ಉಳಿದಿದ್ದ ವಾರಸುದಾರ ಈ ಸೂರ್ಯನಂಥ ನಕ್ಷತ್ರ ಒಂದೇ. ಇದು ನಿಜವಾದ ಎಡವು, 5 ಅನ್ನೋ ಸಂಖ್ಯೆಗಿಂತ ದೊಡ್ಡದು. ಯಾರ ಬೆಳಕು ಅಂತ ಕೇಳೋ ಮುಂಚೆ ಕೆಲವು ಅಭ್ಯರ್ಥಿಗಳನ್ನ ಹೊರಗೆ ಹಾಕಿಬಿಟ್ರೆ, ಒಳಗಿದ್ದವರ ಹೆಸರಿಗೆ ಖಾತೆ ಆಗಿಬಿಡುತ್ತೆ. ಮೊದಲು ಎಲ್ಲ ಚುಕ್ಕೆ ಇಟ್ಕೊಂಡು ಜೋಡಿಸಬೇಕು, ಸದಸ್ಯರು ಯಾರು ಅಂತ ಸೋಸೋದು ಆಮೇಲೆ.

ಅವಳಿಗೆ ಇನ್ನೂ ಆಸೆ ಇತ್ತು. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಮಂಕು ಚುಕ್ಕೆಯೇ ಗುಚ್ಛದ ಒಂಟಿ ಶ್ವೇತ ಕುಬ್ಜ ಆಗಿರಬಹುದಲ್ಲ? ಎಂ67ರ ದೂರಕ್ಕೆ ಬಿಸಿ ಇರೋ ಮಾಮೂಲಿ ಶ್ವೇತ ಕುಬ್ಜ ಹೆಚ್ಚೂಕಮ್ಮಿ ಇಪ್ಪತ್ತನೇ ಮ್ಯಾಗ್ನಿಟ್ಯೂಡ್ ಸುತ್ತ ಅಥವಾ ಅದಕ್ಕಿಂತ ಮಂಕಾಗಿ ಕಾಣಬೇಕು, ಹೊಂದುತ್ತೆ. ಬಣ್ಣ ನೋಡೋಣ ಅಂದ್ರೆ ಗಯಾ ಬಣ್ಣ ಅಳೆಯೋ ಕಿಂಡಿ ಮೂರೂವರೆ ಆರ್ಕ್ ಸೆಕೆಂಡ್ ಉದ್ದ, ಮೂರರ ದೂರದಲ್ಲಿ ಅದಕ್ಕಿಂತ ನೂರಾರು ಪಟ್ಟು ಪ್ರಕಾಶದ ನಕ್ಷತ್ರ ಕೂತಿದೆ, ಅದರ ಬೆಳಕು ಇದರೊಳಗೆ ಸುರಿದಿರುತ್ತೆ, ಆ ಬಣ್ಣ ನಂಬೋ ಹಂಗಿಲ್ಲ. ದೂರ ನೋಡೋಣ ಅಂದ್ರೆ ಎಂ67ರ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನ ಸುತ್ತುವಾಗ ನಕ್ಷತ್ರ ಆಚೀಚೆ ಸರಿದಂಗೆ ಕಾಣೋದು, ದೂರ ತಿಳಿಯೋದು ಇದರಿಂದಲೇ) ಬರೀ 1.1 ಮಿಲಿ ಆರ್ಕ್ ಸೆಕೆಂಡ್, ಇಷ್ಟು ಮಂಕು ಚುಕ್ಕೆಗೆ ಗಯಾದ ತಪ್ಪಿನ ಅಂದಾಜೇ ಅದರ ಮೂರನೇ ಒಂದು ಭಾಗಕ್ಕೆ ಮೇಲಿರುತ್ತೆ. ಉಳಿದಿದ್ದು ಸರಿಯೋ ವೇಗ. ವರ್ಷಕ್ಕೆ 11 ಇರಬೇಕಾದ ಕಡೆ ತಪ್ಪಿನ ಅಂದಾಜು ಅರ್ಧ ಮಿಲಿ ಆರ್ಕ್ ಸೆಕೆಂಡಿಗಿಂತ ಕಮ್ಮಿ, ಇದು ನಿಲ್ಲೋ ಅಳತೆ.

ಆ ಸಾಲು ಅವಳೇ ತೆಗೆದು ಓದಿದ್ಲು. ಎರಡೂ ದಿಕ್ಕಿನಲ್ಲಿ ಸೊನ್ನೆ, ತಪ್ಪಿನ ಅಂದಾಜಿನೊಳಗೆ ಪೂರ್ತಿ ಸೊನ್ನೆ. ಹಿಂಡಿನ ಜೊತೆ ಹೋಗ್ತಿಲ್ಲ, ಎಲ್ಲೂ ಹೋಗ್ತಿಲ್ಲ. ಗುಚ್ಛದ ಹಿಂದೆ ಬಹಳ ಬಹಳ ದೂರ ಇರೋ ವಸ್ತು, ಅತಿನೇರಳೆಯಲ್ಲಿ ಹೊಳೆಯುತ್ತೆ, ಸರಿಯಲ್ಲ ಅಂದ್ರೆ ಮೊದಲು ನೆನಪಾಗೋದು ಕ್ವೇಸಾರ್, ಬೇರೆ ಗ್ಯಾಲಕ್ಸಿಯ ನಡುವಿನ ಕಪ್ಪು ಕುಳಿಯ ಸುತ್ತ ಕಾದ ಅನಿಲದ ಬೆಳಕು. ಸ್ಪೆಕ್ಟ್ರಮ್ ತೆಗೀದೆ ಆ ಹೆಸರು ಬರೀಬೇಡ, ಗುಚ್ಛದ್ದಲ್ಲ ಅಂತ ಮಾತ್ರ ಬರಿ ಅಂದೆ.

ಇನ್ನೊಂದು ಲೆಕ್ಕ ಅವಳಾಗೇ ಮಾಡ್ಕೊಂಡು ಬಂದ್ಲು, ನಾನು ಹೇಳಿರಲಿಲ್ಲ. ಒಂದು ವೇಳೆ ಆ ಚುಕ್ಕೆ ಎಂ67ರದ್ದೇ ಆಗಿದ್ರೂ, ಆ ದೂರದಲ್ಲಿ ಮೂರು ಆರ್ಕ್ ಸೆಕೆಂಡ್ ಅಂದ್ರೆ ಭೂಮಿ ಸೂರ್ಯರ ನಡುವಿನ ದೂರದ ಸುಮಾರು 2,500 ಪಟ್ಟು. ಅಷ್ಟು ದೂರ ಇದ್ದವರು ಒಬ್ಬರ ಪದರ ಒಬ್ಬರು ಎಳ್ಕೊಳೋದು ಸಾಧ್ಯನೇ ಇಲ್ಲ. ಅಂದ್ರೆ ಚಿತ್ರದಲ್ಲಿ ಎರಡಾಗಿ ಕಾಣೋ ಯಾವ ಜೋಡಿಯೂ ನಾವು ಹುಡುಕ್ತಿರೋ ಜೋಡಿ ಅಲ್ಲ, ನಾವು ಹುಡುಕೋದು ಯಾವತ್ತಿದ್ರೂ ಒಂದೇ ಚುಕ್ಕೆಯಾಗಿ ಕಾಣಬೇಕು. ಈ ಮಾತು ಕೇಳಿ ನಂಗೆ ಆದ ಖುಷಿ ಅವಳು ಶ್ವೇತ ಕುಬ್ಜ ತಂದಿದ್ರೂ ಆಗ್ತಿರಲಿಲ್ಲವೇನೋ.

ಈ ಗಡಿಬಿಡಿ ಮಧ್ಯೆ ಫೆಬ್ರವರಿ ಕೊನೆಯಲ್ಲಿ ಒಂದು ಶನಿವಾರ ಅವಳ ಊರಿಗೆ ಹೋಗಿದ್ವಿ, ನಾಲ್ಕು ಜನ ಹುಡುಗ್ರು, ಎಂಟು ಇಂಚಿನ ಟೆಲಿಸ್ಕೋಪ್ ಒಂದು. ಚಿತ್ರದುರ್ಗ ದಾಟಿದ ಮೇಲೆ ಗುಡ್ಡದ ಮೇಲೆಲ್ಲ ಗಾಳಿ ಗಿರಣಿಗಳ ಕೆಂಪು ದೀಪ ಮಿಣುಕ್ತಾ ಇರ್ತವೆ, ಅದು ಬಿಟ್ರೆ ಆ ಕಡೆ ಆಕಾಶ ಈಗಲೂ ಕಪ್ಪಾಗಿದೆ. ಶೇಂಗಾ ಕಿತ್ತ ಹೊಲ, ರಾತ್ರಿ ಹತ್ತೂವರೆ ಹೊತ್ತಿಗೆ ಎಂ67 ನೆತ್ತಿ ಮೇಲೆ. ಐಪೀಸಲ್ಲಿ ಹಿಟ್ಟು ಚೆಲ್ಲಿದ ಹಂಗೆ ಮಬ್ಬು, ಕಣ್ಣು ಹೊಂದಿದ ಮೇಲೆ ಅದರೊಳಗೆ ಒಂದೊಂದೇ ಚುಕ್ಕೆ. ಅವಳ ಅಜ್ಜಿ ಕಂಬಳಿ ಹೊದ್ದು ಬಂದು "ಏನ್ ನೋಡ್ತೀರವ್ವಾ ಇಷ್ಟೊತ್ತು, ಏನೈತೆ ಅಲ್ಲಿ?" ಅಂದ್ರು. "ಆಶ್ಲೇಷ ಮಳೆ ಶುರುವಾಗೋವಾಗ ಸೂರ್ಯ ಇರ್ತಾನಲ್ಲ ಅಜ್ಜಿ, ಆ ಜಾಗದ ಹತ್ರ ಒಂದು ನಕ್ಷತ್ರದ ಗುಂಪೈತೆ" ಅಂದ್ಲು ಹುಡುಗಿ. ಸರಿಯಾಗೇ ಹೇಳಿದ್ಲು, ಆಗಸ್ಟ್ ಮೊದಲ ವಾರ ಸೂರ್ಯ ಎಂ67ರ ಪಕ್ಕ ಹಾದು ಹೋಗ್ತಾನೆ, ಅದಕ್ಕೇ ಆ ಹೊತ್ತಲ್ಲಿ ಈ ಗುಚ್ಛ ಕಾಣಲ್ಲ. ಅಜ್ಜಿ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ್ರು. "ಎಲ್ಲ ಒಂದ್ರ ಮ್ಯಾಲೊಂದು ಅದಾವಲ್ಲೇ, ಯಾವುದು ಯಾವುದಂತ ಹೆಂಗ್ ಗುರ್ತು ಹಿಡೀತೀಯ ನೀನು?" ಅಂತ ಕೇಳಿದ್ರು. ನಾವು ಮೂರು ವಾರ ತಲೆ ಕೆಡಿಸ್ಕೊಂಡಿದ್ದು ಇದಕ್ಕೇ.

ವಾಪಸ್ ಬಂದು ಅವಳು ಎಲ್ಲ ಮೊದಲಿಂದ ಮಾಡಿದ್ಲು. ಮಂಕು ಚುಕ್ಕೆಗಳನ್ನೂ ಇಟ್ಕೊಂಡು, ಜೋಡಿಸೋ ದೂರ ಒಂದು ಆರ್ಕ್ ಸೆಕೆಂಡಿಗೆ ಇಳಿಸಿ, ನಾಲ್ಕರೊಳಗೆ ಇನ್ಯಾರಾದ್ರೂ ಇದ್ರೆ ಅದಕ್ಕೊಂದು ಗುರುತು ಹಾಕಿ, ಆಮೇಲೆ ಪ್ರತಿಯೊಂದನ್ನೂ ಚಿತ್ರದ ಮೇಲೆ ಕಣ್ಣಾರೆ ನೋಡಿ. ಒಂಬತ್ತರಲ್ಲಿ ಆರು ಅಲ್ಲೇ ಬಿದ್ದು ಹೋದವು. ಉಳಿದ ಮೂರರಲ್ಲಿ ಎರಡಕ್ಕೆ ಎಕ್ಸ್ ರೇ ಕೂಡ ಬರ್ತಿದೆ ಅಂತ ಹಳೇ ಪಟ್ಟಿಗಳಲ್ಲಿತ್ತು. ಇದು ಬೇರೆ ಥರದ ಮೋಸ, ಹತ್ತಿರದ ಜೋಡಿ ಒಂದನ್ನೊಂದು ಜೋರಾಗಿ ತಿರುಗಿಸಿದಾಗ ಮೇಲ್ಮೈ ಕೆರಳಿ ಕಾಂತೀಯ ಚಟುವಟಿಕೆ ಹೆಚ್ಚುತ್ತೆ, ಎಕ್ಸ್ ರೇ ಬರುತ್ತೆ, ಅತಿನೇರಳೆಯೂ ಬರುತ್ತೆ, ಕುಬ್ಜ ಇಲ್ಲದೇ ಇದ್ರೂ ಕುಬ್ಜ ಇದ್ದ ಹಂಗೆ ಫಿಟ್ ಕೂರುತ್ತೆ. ಆ ಎರಡನ್ನ ಅನುಮಾನದ ಪಟ್ಟಿಗೆ ಹಾಕಿದ್ಲು. ಕೊನೆಗೆ ನಿಂತಿದ್ದು ಒಂದು, ಅದನ್ನ ಎಂ67ರ ಮೇಲಿನ ಆಮೇಲಿನ ಯುವಿಐಟಿ ಕೆಲಸದಲ್ಲಿ ಆಗಲೇ ಬೇರೆಯವರು ಬರೆದಾಗಿತ್ತು.

ಲಕ್ಷಾಂತರ ನಕ್ಷತ್ರ ಒತ್ತೊತ್ತಾಗಿ ತುಂಬಿರೋ ಗೋಳಾಕಾರದ ಗುಚ್ಛಗಳಲ್ಲಿ ಈ ಕಷ್ಟ ಇನ್ನೂ ನೂರು ಪಾಲು. ಅಲ್ಲಿಗೆ ಹಬಲ್ ಬಾಹ್ಯಾಕಾಶ ದೂರದರ್ಶಕ ಬೇಕೇ ಬೇಕು. 2021ರಲ್ಲಿ ಎಂ3, ಎಂ13 ಎರಡರ ಶ್ವೇತ ಕುಬ್ಜಗಳನ್ನ ಹಬಲ್‌ನ ಅತಿನೇರಳೆ ಚಿತ್ರಗಳಲ್ಲಿ ಎಣಿಸಿ ಹೋಲಿಸಿದವರು, ಎಂ13ರಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಕುಬ್ಜಗಳು ಮೇಲೆ ಉಳಿದ ತೆಳು ಹೈಡ್ರೋಜನ್ ಪದರ ಉರಿಸ್ಕೊಂಡು ನಿಧಾನಕ್ಕೆ ತಣ್ಣಗಾಗ್ತಿವೆ ಅಂತ ತೋರಿಸಿದ್ರು. ಕೆಂಡದೊಳಗೂ ಒಂದಿಷ್ಟು ಉರಿ ಇದೆ ಅಂತಾಯ್ತು. ಎಣಿಕೆ ಮೇಲೇ ನಿಂತ ತೀರ್ಮಾನ ಅದು. ಅಷ್ಟು ದಟ್ಟಣೆಯಲ್ಲಿ ಒಂದೊಂದು ಚುಕ್ಕೆಯನ್ನೂ ಬಿಡಿಸಿ ಎಣಿಸಿದ ತಾಳ್ಮೆ ನೆನೆಸ್ಕೊಂಡ್ರೆ ಕೈ ಮುಗೀಬೇಕು ಅನ್ಸುತ್ತೆ.

ವೈವಾ ದಿನ ಹೊರಗಿನಿಂದ ಬಂದ ಪರೀಕ್ಷಕರು ರಿಪೋರ್ಟ್ ತಿರುವಿ "ಹೊಸದೇನೂ ಸಿಗಲಿಲ್ಲ ಅಲ್ವೇನಮ್ಮ?" ಅಂದ್ರು. "ಹೌದು ಸರ್, ಸಿಗಲಿಲ್ಲ, ಯಾಕೆ ಸಿಗಲಿಲ್ಲ ಅನ್ನೋದು ಮೂರನೇ ಅಧ್ಯಾಯದಲ್ಲಿದೆ" ಅಂದ್ಲು, ಧ್ವನಿ ನಡುಗಲಿಲ್ಲ. ಅವರು ಆ ಅಧ್ಯಾಯ ಅಲ್ಲೇ ಕೂತು ಪೂರ್ತಿ ಓದಿದ್ರು. ಅದರಲ್ಲಿ ಮೂರು ಚಿತ್ರ ಪಕ್ಕಪಕ್ಕ ಇದ್ವು, ಅತಿನೇರಳೆ, ಮಾಮೂಲಿ ಬೆಳಕು, ಎರಡರ ಮೇಲೂ ಗಯಾ ಬಿಂದು, ಆ ಮೂರು ಆರ್ಕ್ ಸೆಕೆಂಡನ್ನ ಒಂದು ಸಣ್ಣ ಕೆಂಪು ಗೆರೆಯಲ್ಲಿ ತೋರಿಸಿದ್ಲು.

ಎಕ್ಸ್ ರೇ ಬರ್ತಿರೋ ಆ ಎರಡನ್ನ ಈ ವರ್ಷದ ಇಬ್ಬರು ಹುಡುಗ್ರು ಎತ್ಕೊಂಡಿದ್ದಾರೆ. ಮೂರು ಅತಿನೇರಳೆ ಫಿಲ್ಟರಲ್ಲೂ ಬೆಳಕು ಒಂದೇ ಥರ ಏರುತ್ತಾ, ಬೇರೆ ಬೇರೆ ದಿನದ ಚಿತ್ರದಲ್ಲಿ ಏರುಪೇರು ಆಗುತ್ತಾ ಅಂತ ನೋಡ್ತಿದ್ದಾರೆ, ಕುಬ್ಜದ್ದಾದ್ರೆ ಬೆಳಕು ಅಲ್ಲಾಡಬಾರದು, ಕೆರಳಿದ ಮೇಲ್ಮೈಯದ್ದಾದ್ರೆ ಅಲ್ಲಾಡಬೇಕು. ಮೊದಲ ದಿನ ಇಬ್ಬರೂ ಪಟ್ಟಿ ಡೌನ್‌ಲೋಡ್ ಮಾಡ್ಕೊಂಡು ಬಂದ್ರು. ಈಗ ಸಂಶೋಧನೆಗೆ ಸೇರಿರೋ ನಮ್ಮ ಹುಡುಗಿ ರಜಕ್ಕೆ ಊರಿಗೆ ಹೋಗ್ತಾ ಲ್ಯಾಬಿಗೆ ಬಂದಿದ್ಲು, ಅವರ ಹಿಂದೆ ನಿಂತು ನೋಡಿ, "ಪಟ್ಟಿ ಆಮೇಲೆ ತೆಗೀರಪ್ಪ, ಮೊದ್ಲು ಚಿತ್ರ ತೆಗೀರಿ" ಅಂದ್ಲು.